ಶಟ್‌ಡೌನ್ ಬಂದಾಗ ಕಾವಲಿನವರ ಸಂಬಳ ಎಲ್ಲಿಂದ ಬರುತ್ತದೆ?

ಅಮೆರಿಕದಲ್ಲಿ ಸರ್ಕಾರ ಶಟ್‌ಡೌನ್ ಆಯಿತು, ಅಂದರೆ ಖರ್ಚಿನ ಮಸೂದೆ ಪಾಸಾಗದೆ ಕಚೇರಿಗಳು ಮುಚ್ಚಿದವು ಎಂದು ಓದಿದಾಗ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ: ಹಾಗಾದರೆ ಗಡಿ, ವಿಮಾನ ನಿಲ್ದಾಣ, ಕರಾವಳಿ ಯಾರು ಕಾಯುತ್ತಾರೆ? ಅದೇ ಜನ ಕಾಯುತ್ತಾರೆ. ಕೆಲಸ ನಿಲ್ಲೋದಿಲ್ಲ, ಸಂಬಳ ನಿಲ್ಲುತ್ತದೆ. ಅದೂ ಎಲ್ಲರದ್ದಲ್ಲ. ಯಾರದ್ದು ನಿಲ್ಲುತ್ತದೆ ಅನ್ನೋದು ಕೆಲಸ ಎಷ್ಟು ಅಪಾಯದ್ದು ಎಂಬುದರ ಮೇಲಲ್ಲ, ದುಡ್ಡು ಯಾವ ಮಸೂದೆಯಿಂದ ಬರುತ್ತದೆ ಎಂಬುದರ ಮೇಲೆ ನಿಂತಿದೆ.

ಮೊದಲು ಕಾನೂನು ನೋಡೋಣ. ಅಲ್ಲಿನ ಸಂವಿಧಾನದ 1ನೇ ವಿಧಿಯ 9ನೇ ಸೆಕ್ಷನ್ ಪ್ರಕಾರ, ಕಾಂಗ್ರೆಸ್ (ಅಲ್ಲಿನ ಸಂಸತ್ತು) ಕಾನೂನು ಮಾಡಿ ಕೊಡದೆ ಖಜಾನೆಯಿಂದ ಒಂದು ಡಾಲರ್ ಕೂಡ ತೆಗೆಯುವಂತಿಲ್ಲ. ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ 12 ಖರ್ಚಿನ ಮಸೂದೆಗಳು ಪಾಸಾಗಬೇಕು, ಇಲ್ಲವೇ ತಾತ್ಕಾಲಿಕ ಮಸೂದೆಯಾದರೂ ಬೇಕು. 1884ರ ಆಂಟಿಡೆಫಿಶಿಯನ್ಸಿ ಆಕ್ಟ್ ದುಡ್ಡಿಲ್ಲದೆ ಕೆಲಸ ಮಾಡಿಸಿಕೊಳ್ಳುವುದನ್ನೇ ತಡೆಯುತ್ತದೆ. ಜೀವ, ಆಸ್ತಿ ಕಾಪಾಡುವ ತುರ್ತು ಕೆಲಸಕ್ಕೆ ಮಾತ್ರ ವಿನಾಯಿತಿ. 1980-81ರಲ್ಲಿ ಸರ್ಕಾರದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಇದನ್ನು ಬಿಗಿಯಾಗಿ ಅರ್ಥ ಮಾಡಿದರು. ಅಲ್ಲಿಯವರೆಗೆ ಮಸೂದೆ ತಡವಾದರೂ ಕಚೇರಿಗಳು ಹೇಗೋ ನಡೆಯುತ್ತಿದ್ದವು.

ಈಗ 2018ರ ಡಿಸೆಂಬರ್ 22ಕ್ಕೆ ಬನ್ನಿ. ಟ್ರಂಪ್ ಗಡಿ ಗೋಡೆಗೆ 570 ಕೋಟಿ ಡಾಲರ್ ಕೇಳಿದ್ದರು. ಒಪ್ಪಂದ ಆಗಲಿಲ್ಲ. 35 ದಿನ ಶಟ್‌ಡೌನ್. ರಕ್ಷಣಾ ಇಲಾಖೆಯ ಮಸೂದೆ ಆಗಲೇ ಪಾಸಾಗಿತ್ತು, ದೇಶದೊಳಗಿನ ಭದ್ರತೆ ನೋಡುವ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯದ್ದು ಆಗಿರಲಿಲ್ಲ. ನೌಕಾಪಡೆ ಮೊದಲನೆಯದಕ್ಕೆ ಸೇರಿದ್ದು, ಕೋಸ್ಟ್ ಗಾರ್ಡ್ ಎರಡನೆಯದಕ್ಕೆ. ಜನವರಿ 15ರಂದು 40 ಸಾವಿರಕ್ಕೂ ಹೆಚ್ಚು ಕೋಸ್ಟ್ ಗಾರ್ಡ್ ಸಿಬ್ಬಂದಿಗೆ ಸಂಬಳ ಬರಲಿಲ್ಲ. ಜನವರಿ 20ರಂದು ಬರ್ತಾಲ್ಫ್ ಎಂಬ ಕೋಸ್ಟ್ ಗಾರ್ಡ್ ಹಡಗು ಕ್ಯಾಲಿಫೋರ್ನಿಯಾದ ಅಲಮೇಡಾದಿಂದ ಪಶ್ಚಿಮ ಪೆಸಿಫಿಕ್‌ಗೆ ಹೊರಟಿತು. ತಿಂಗಳುಗಟ್ಟಲೆ ಮನೆ ಬಿಟ್ಟಿರಬೇಕಾದ ಪಯಣ. ಹಡಗಿನವರ ಕೈಗೆ ಸಂಬಳ ಬಂದಿಲ್ಲ, ಮನೆಯಲ್ಲಿ ಬಾಡಿಗೆ ಕಟ್ಟಬೇಕು. ಅದೇ ಸಮುದ್ರದಲ್ಲಿದ್ದ ನೌಕಾಪಡೆಯವರಿಗೆ ಮಾತ್ರ ಸಂಬಳ ಸರಿಯಾಗಿ ಬರುತ್ತಿತ್ತು. ಇದು ತಪ್ಪು ಎಂದು ನಾನು ನೇರವಾಗಿಯೇ ಹೇಳುತ್ತೇನೆ. ತಡೆಯುವ ದಾರಿಯೂ ಗೊತ್ತಿತ್ತು. 2013ರ ಶಟ್‌ಡೌನ್‌ಗೆ ಮುಂಚೆಯೇ ಕಾಂಗ್ರೆಸ್ ಸೈನಿಕರ ಸಂಬಳಕ್ಕೆಂದೇ ಒಂದು ಕಾನೂನು ಮಾಡಿ, ಕೋಸ್ಟ್ ಗಾರ್ಡನ್ನೂ ಅದರಲ್ಲಿ ಸೇರಿಸಿತ್ತು.

ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುವ ಟಿಎಸ್‌ಎ ಸಿಬ್ಬಂದಿಯೂ ಹೋಮ್‌ಲ್ಯಾಂಡ್‌ನವರೇ. ಜನವರಿ 20ರಂದು ನೂರಕ್ಕೆ ಹತ್ತು ಜನ ಡ್ಯೂಟಿಗೆ ಬರಲಿಲ್ಲ. ಮಯಾಮಿಯಲ್ಲಿ ನಿಲ್ದಾಣದ ಒಂದು ಭಾಗವನ್ನು ಕೆಲವು ದಿನ ಮಧ್ಯಾಹ್ನವೇ ಮುಚ್ಚಬೇಕಾಯಿತು. ಉತ್ತರ ಬರೆಯುವಾಗ ಇದನ್ನು ಮುಷ್ಕರ ಅಂತ ಬರೆಯಬೇಡಿ. ಕೇಂದ್ರ ಸರ್ಕಾರಿ ನೌಕರರಿಗೆ ಅಲ್ಲಿ ಮುಷ್ಕರದ ಹಕ್ಕಿಲ್ಲ. ಕೈಯಲ್ಲಿ ಕಾಸಿಲ್ಲದೆ ಬರಲಾಗದವರು ಬಹಳ ಇದ್ದಾರೆ ಎಂದು ಟಿಎಸ್‌ಎ ಸಂಸ್ಥೆಯೇ ಹೇಳಿತ್ತು.

2025ರ ಶಟ್‌ಡೌನ್ ಇನ್ನೂ ಉದ್ದ: ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ. ಈ ಸಲ ರಕ್ಷಣಾ ಮಸೂದೆಯೂ ಪಾಸಾಗಿರಲಿಲ್ಲ. ಸೈನಿಕರ ಅಕ್ಟೋಬರ್ 15ರ ಸಂಬಳಕ್ಕೆ ಸಂಶೋಧನೆಗೆ ಇಟ್ಟಿದ್ದ ಹಣ ಬಳಸಿದರು. ವಲಸೆ ಕಾನೂನು ಜಾರಿ ಮಾಡುವ ಐಸ್ (ICE) ಸಂಸ್ಥೆಗೆ ಜುಲೈನ ದೊಡ್ಡ ತೆರಿಗೆ-ಖರ್ಚಿನ ಕಾನೂನಿನಲ್ಲಿ ಸುಮಾರು 7,500 ಕೋಟಿ ಡಾಲರ್ ಬೇರೆಯಾಗಿಯೇ ಸಿಕ್ಕಿತ್ತು. ಹಾಗಾಗಿ ಅದರ ಅಧಿಕಾರಿಗಳಿಗೆ ಸಂಬಳ ಬಂತು, ಟಿಎಸ್‌ಎಯವರಿಗೆ ಇಲ್ಲ. ಅಣ್ವಸ್ತ್ರಗಳ ಉಸ್ತುವಾರಿ ನೋಡುವ ಎನ್‌ಎನ್‌ಎಸ್‌ಎ ಅಕ್ಟೋಬರ್ 20ರಂದು ಸುಮಾರು 1,400 ಜನರನ್ನು ಸಂಬಳವಿಲ್ಲದ ರಜೆಗೆ ಕಳಿಸಿತು. 2000ದಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಇದೇ ಮೊದಲು.

ಎಚ್-1ಬಿ ನೌಕರಿ ವೀಸಾ ಮೇಲೆ ಅಲ್ಲಿರುವ ನಮ್ಮವರಿಗೂ ಇದೇ ಲೆಕ್ಕ. ವಲಸೆ ಅರ್ಜಿ ನೋಡುವ ಯುಎಸ್‌ಸಿಐಎಸ್ ಬಹುಪಾಲು ಶುಲ್ಕದ ಹಣದಲ್ಲೇ ನಡೆಯುವುದರಿಂದ ನಿಲ್ಲಲಿಲ್ಲ. ಆದರೆ ಅರ್ಜಿಗೆ ಮುಂಚೆ ಬೇಕಾದ ಕಾರ್ಮಿಕ ಇಲಾಖೆಯ ಒಪ್ಪಿಗೆ 2013ರಲ್ಲೂ 2025ರಲ್ಲೂ ನಿಂತುಹೋಗಿತ್ತು.

ನಮ್ಮಲ್ಲಿ ಹೀಗೆ ಯಾಕಾಗಲ್ಲ? 114ನೇ ವಿಧಿಯ ಪ್ರಕಾರ ಇಲ್ಲೂ ಧನವಿನಿಯೋಗ ಕಾನೂನು (ಖರ್ಚಿಗೆ ಒಪ್ಪಿಗೆ ಕೊಡುವ ಕಾನೂನು) ಇಲ್ಲದೆ ಸರ್ಕಾರದ ಸಂಚಿತ ನಿಧಿ ಮುಟ್ಟುವಂತಿಲ್ಲ. ಆದರೆ 116ನೇ ವಿಧಿಯ ಲೇಖಾನುದಾನ ಇದೆ, ಅಂದರೆ ಪೂರ್ತಿ ಬಜೆಟ್ ಪಾಸಾಗುವ ಮುಂಚೆಯೇ ಸ್ವಲ್ಪ ಕಾಲದ ಖರ್ಚಿಗೆ ಸಂಸತ್ತು ಮುಂಗಡವಾಗಿ ಕೊಡುವ ಒಪ್ಪಿಗೆ. ರಾಜ್ಯಸಭೆ ಇಂಥ ಧನ ಮಸೂದೆಯನ್ನು (ಮನಿ ಬಿಲ್) 14 ದಿನಕ್ಕಿಂತ ಜಾಸ್ತಿ ಹಿಡಿದಿಡುವಂತಿಲ್ಲ. ಲೋಕಸಭೆಯಲ್ಲೇ ಅದು ಬಿದ್ದರೆ ಸರ್ಕಾರವೇ ರಾಜೀನಾಮೆ ಕೊಡಬೇಕು. ಅಮೆರಿಕದಲ್ಲಿ ಅಧ್ಯಕ್ಷರೂ ಕಾಂಗ್ರೆಸ್ಸೂ ಬೇರೆ ಬೇರೆ ಚುನಾವಣೆಯಿಂದ ಬಂದವರು. ಮಸೂದೆ ಬಿದ್ದರೂ ಇಬ್ಬರೂ ಕುರ್ಚಿಯಲ್ಲೇ ಇರುತ್ತಾರೆ.

ಕೊನೆಗೆ ಬಾಕಿ ಸಂಬಳದ ವಿಷಯ. 2019ರ ಜನವರಿಯಲ್ಲಿ ಬಂದ ಕಾನೂನು ಶಟ್‌ಡೌನ್ ಮುಗಿದ ಮೇಲೆ ನೌಕರರಿಗೆ ಬಾಕಿ ಕೊಡಲೇಬೇಕು ಎನ್ನುತ್ತದೆ. ಗುತ್ತಿಗೆಯವರಿಗೆ ಅದು ಅನ್ವಯಿಸುವುದಿಲ್ಲ. ಸರ್ಕಾರಿ ಕಟ್ಟಡಗಳ ಬಾಗಿಲಲ್ಲಿ ನಿಲ್ಲುವ ಗಾರ್ಡ್‌ಗಳಲ್ಲಿ ಬಹಳ ಜನ ಖಾಸಗಿ ಕಂಪನಿಯವರು. ಕಟ್ಟಡ ಮುಚ್ಚಿ ಕೆಲಸ ಹೋದ ದಿನಗಳ ಕೂಲಿ ಅವರಿಗೆ ಸಿಗುವ ಖಾತ್ರಿಯೇ ಇಲ್ಲ. ಅವರಿಗೂ ಕೊಡಿಸಬೇಕೆಂದು ಕಾಂಗ್ರೆಸ್‌ನಲ್ಲಿ 2019ರಲ್ಲೇ ಮಸೂದೆ ಬಂದಿತ್ತು, ಪಾಸಾಗಲಿಲ್ಲ.