ಹಳ್ಳಿಯ ದುಡ್ಡಿನ ಪೆಟ್ಟಿಗೆ: ಬೀಗದ ಕೈ ಯಾರ ಹತ್ತಿರ?

1846–47ರ ಚಳಿಗಾಲ. ಜರ್ಮನಿಯ ವೆಸ್ಟರ್‌ವಾಲ್ಡ್ ಗುಡ್ಡಗಾಡಿನಲ್ಲಿ ಬೆಳೆ ಕೈಕೊಟ್ಟಿತ್ತು. ವೇಯರ್‌ಬುಶ್ ಎಂಬ ಊರಿಗೆ ಸರ್ಕಾರ ಹಿಟ್ಟು ಕಳಿಸಿತು, ಆದರೆ ನಗದು ಕೊಟ್ಟವರಿಗೆ ಮಾತ್ರ ಕೊಡಿ ಅಂತ ಆದೇಶವಿತ್ತು. ಹಸಿದವರ ಹತ್ತಿರ ನಗದೇ ಇರಲಿಲ್ಲ. ಊರಿನ ಮೇಯರ್ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್‌ಗೆ ಆಗ 28 ವರ್ಷ. ಅವರು ಆದೇಶವನ್ನು ಪಕ್ಕಕ್ಕಿಟ್ಟು ಕಡ ಕೊಟ್ಟರು. ಉಳ್ಳವರಿಂದ ಹಣ ಕೂಡಿಸಿ ಧಾನ್ಯ ತರಿಸಿದರು. ಊರಿಗೇ ಒಂದು ಬೇಕರಿ ಕಟ್ಟಿಸಿದರು.

ಹಳ್ಳಿಯ ಸಣ್ಣ ಉದ್ಯಮಕ್ಕೆ ಆಸರೆ ಕೊಡುವ ಕತೆಯನ್ನು ಇಲ್ಲಿಂದ ಶುರು ಮಾಡೋದಕ್ಕೆ ಕಾರಣ ಇದೆ. ಅಲ್ಲಿಂದ ಈಚೆಗೆ ಸಾಲ, ಸಹಾಯಧನ, ತರಬೇತಿ, ಕಾರ್ಖಾನೆ, ಕರೆಂಟು, ಇಂಟರ್ನೆಟ್ಟು ಎಲ್ಲವೂ ಹಳ್ಳಿಗೆ ನೆರವಿನ ಹೆಸರಲ್ಲಿ ಬಂದವು. ಕೆಲವು ಬೇರುಬಿಟ್ಟವು, ಎಷ್ಟೋ ಒಣಗಿಹೋದವು. ಈ ಇತಿಹಾಸ ಓದುವಾಗ ನನಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಪೆಟ್ಟಿಗೆಯಲ್ಲಿ ದುಡ್ಡು ಎಷ್ಟಿತ್ತು ಅಂತ ಎಲ್ಲರೂ ಕೇಳುತ್ತಾರೆ. ಬೀಗದ ಕೈ ಯಾರ ಹತ್ತಿರ ಇತ್ತು?

ಹಸಿವು ಕಳೆದರೂ ಸಾಲದ ಕಾಟ ಕಳೆಯಲಿಲ್ಲ. ದನದ ವ್ಯಾಪಾರಿ ಹಸುವನ್ನು ಕಡವಾಗಿ ಕೊಡುತ್ತಿದ್ದ. ಮೇವು ಹಾಕೋದು ರೈತ, ಹಕ್ಕು ಮಾತ್ರ ವ್ಯಾಪಾರಿಯದು. ಕಂತು ತಪ್ಪಿದರೆ ಹಸು ವಾಪಸು. ಬ್ಯಾಂಕುಗಳಿದ್ದವು, ಆದರೆ ದೂರದ ಪೇಟೆಯಲ್ಲಿ. ಹತ್ತಾರು ಸಣ್ಣ ಸಾಲಗಳ ಹಿಂದೆ ಓಡಾಡೋದು ಅವುಗಳಿಗೆ ಲಾಭದ ಮಾತಾಗಿರಲಿಲ್ಲ. ರೈಫೈಸನ್ 1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ಒಂದು ಸಹಾಯ ಸಂಘ ಕಟ್ಟಿದರು. ಊರಿನ ಅನುಕೂಲವಂತರು ಜಾಮೀನು ನಿಂತರು, ಬಡ ರೈತರಿಗೆ ದನ ಕೊಳ್ಳಲು ಸಾಲ ಸಿಕ್ಕಿತು.

ಆದರೆ ದೊಡ್ಡವರ ಉತ್ಸಾಹ ಎಷ್ಟು ದಿನ? ಸಾಲ ತಗೊಳ್ಳದವರು ಸುಮ್ನೆ ಹೊಣೆ ಹೊತ್ತುಕೊಂಡಿರಲು ಒಪ್ಪಲಿಲ್ಲ. ಆಗ ರೈಫೈಸನ್ ದಾರಿ ಬದಲಿಸಿದರು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಹುಟ್ಟಿದ ಸಂಘದಲ್ಲಿ ಸಾಲ ಬೇಕಾದವರೇ ಸದಸ್ಯರಾಗಬೇಕಿತ್ತು. ಒಬ್ಬರ ಸಾಲಕ್ಕೆ ಎಲ್ಲರೂ ತಮ್ಮ ಪೂರ್ತಿ ಆಸ್ತಿಯ ಮಟ್ಟಿಗೆ ಹೊಣೆ. ಕೇಳಿದರೆ ಎದೆ ನಡುಗುತ್ತೆ, ಅಲ್ವಾ? ಈ ಷರತ್ತೇ ಸಂಘವನ್ನು ಉಳಿಸಿತು. ಯಾರು ದುಡಿಯುತ್ತಾರೆ, ಯಾರು ಕುಡಿಯುತ್ತಾರೆ, ಯಾರ ಹಸು ನಿಜವಾಗಿ ಸತ್ತಿದೆ ಅನ್ನೋದು ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ. ಅದಕ್ಕಾಗಿಯೇ ಸಂಘದ ವ್ಯಾಪ್ತಿಯನ್ನು ಎಲ್ಲರೂ ಮುಖ ನೋಡಿ ಗುರುತಿಸುವಷ್ಟು ಚಿಕ್ಕದಾಗಿಟ್ಟರು. ಲೆಕ್ಕ ಬರೆಯುವವರಿಗೆ ಮಾತ್ರ ಸಂಬಳ. ಲಾಭವನ್ನು ಹಂಚದೆ ಮೀಸಲು ನಿಧಿಗೆ ಹಾಕಿದರು.

ಇನ್ನೂ ಒಂದು ಸೂಕ್ಷ್ಮವನ್ನು ರೈಫೈಸನ್ ಗಮನಿಸಿದ್ದರು. ಅದೇ ಕಾಲದಲ್ಲಿ ಹರ್ಮನ್ ಶುಲ್ಝೆ-ಡೆಲಿಟ್ಶ್ ಪಟ್ಟಣದ ಕುಶಲಕರ್ಮಿಗಳಿಗೆ ಸಾಲದ ಸಂಘ ಕಟ್ಟಿದ್ದರು. ಅಲ್ಲಿ ಷೇರು ಕೊಳ್ಳಬೇಕು, ಸಾಲವನ್ನು ಬೇಗ ತೀರಿಸಬೇಕು. ಪಟ್ಟಣದ ಚಮ್ಮಾರನಿಗೆ ಅದು ಸರಿ, ಅವನಿಗೆ ವಾರವಾರವೂ ದುಡ್ಡು ಓಡಾಡುತ್ತದೆ. ಹಳ್ಳಿಯವನ ದುಡ್ಡು ಸುಗ್ಗಿಗೆ ಬರುತ್ತದೆ. ಹಸು ಕೊಂಡರೆ ಅದು ಸಾಲ ತೀರಿಸಲು ವರ್ಷಗಳೇ ಬೇಕು. ಹಾಗಾಗಿ ರೈಫೈಸನ್ ಸಂಘಗಳ ಸಾಲದ ಅವಧಿ ದೊಡ್ಡದಿತ್ತು. ಹಳ್ಳಿಯ ಉದ್ಯಮಕ್ಕೆ ಪಟ್ಟಣದ ಅಳತೆಯಲ್ಲಿ ಹೊಲಿದ ಅಂಗಿ ತೊಡಿಸುವ ತಪ್ಪನ್ನು ಇವತ್ತಿಗೂ ಎಷ್ಟೋ ಕಡೆ ಮಾಡುತ್ತೇವೆ.

ಈ ವಿಚಾರ ಗಡಿ ದಾಟಿತು. ಕೆನಡಾದ ಸಂಸತ್ತಿನಲ್ಲಿ ಶೀಘ್ರಲಿಪಿಕಾರರಾಗಿದ್ದ ಅಲ್ಫೋನ್ಸ್ ಡೆಜಾರ್ಡಿನ್ 1897ರಲ್ಲಿ ಒಂದು ಚರ್ಚೆ ಕೇಳಿದರು. 150 ಡಾಲರ್ ಸಾಲ ಮಾಡಿದವನೊಬ್ಬ ಬಡ್ಡಿಯಾಗಿ 5,000 ಡಾಲರ್ ಕಟ್ಟಬೇಕಾಗಿ ಬಂದಿತ್ತು. ಆ ಮಾತು ಅವರನ್ನು ಬಿಡಲಿಲ್ಲ. 1900ರ ಡಿಸೆಂಬರ್‌ನಲ್ಲಿ ಕ್ವಿಬೆಕ್‌ನ ಲೆವಿಯಲ್ಲಿ ಜನರದ್ದೇ ಉಳಿತಾಯ ಸಂಘ ಶುರುವಾಯಿತು. ಮೊದಲ ದಿನದ ಜಮೆ 26 ಡಾಲರ್ 40 ಸೆಂಟ್. ಗಂಡ ಸಂಸತ್ತಿನ ಕೆಲಸಕ್ಕೆ ರಾಜಧಾನಿ ಆಟವಾಕ್ಕೆ ಹೋದಾಗ ಹೆಂಡತಿ ಡೋರಿಮೆನ್ ವ್ಯವಹಾರ ನೋಡಿಕೊಂಡರು. ಆಕೆ ಇಲ್ಲದಿದ್ದರೆ ಆ ಸಂಘ ಕಣ್ಣು ಬಿಡುವ ಮೊದಲೇ ಮುಚ್ಚಿಹೋಗುತ್ತಿತ್ತು ಅಂತ ನನಗನಿಸುತ್ತದೆ.

ಭಾರತಕ್ಕೆ ಅದು ಬೇರೆ ಬಾಗಿಲಿಂದ ಬಂತು. ಮದ್ರಾಸ್ ಸರ್ಕಾರ ಅಧಿಕಾರಿ ಫ್ರೆಡರಿಕ್ ನಿಕಲ್ಸನ್‌ಗೆ ಯುರೋಪಿನ ಸಂಘಗಳನ್ನು ಅಧ್ಯಯನ ಮಾಡಲು ಹೇಳಿತ್ತು. ಅವರ ದೊಡ್ಡ ವರದಿಯ ಸಾರ ಎರಡೇ ಪದ: ರೈಫೈಸನ್‌ನನ್ನು ಹುಡುಕಿ. ಅಂದರೆ, ಮೊದಲು ಊರೊಳಗೆ ಅಂಥ ಮನುಷ್ಯ ಬೇಕು. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು, ಮರುವರ್ಷವೇ ಗದಗದ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. ಆದರೆ ಜರ್ಮನಿಯಲ್ಲಿ ಸಂಘ ಮೊದಲು, ಕಾಯ್ದೆ ಆಮೇಲೆ. ಇಲ್ಲಿ ಕಾಯ್ದೆ ಮೊದಲು, ಅದರ ಜೊತೆಗೇ ರಿಜಿಸ್ಟ್ರಾರ್, ಅಂದರೆ ಸಂಘಗಳ ಮೇಲೆ ಕಣ್ಣಿಡುವ ಸರ್ಕಾರಿ ಅಧಿಕಾರಿ. ಬೀಗದ ಕೈಯ ಒಂದು ಜೊತೆ ಶುರುವಿನಿಂದಲೇ ಸರ್ಕಾರದ ಹತ್ತಿರ ಉಳಿಯಿತು.

ಸಾಲ ಸಿಕ್ಕಿತು, ಸರಕು ತಯಾರಾಯಿತು. ಕೊಳ್ಳೋರು ಯಾರು? ಈ ಪ್ರಶ್ನೆಗೆ ಡೆನ್ಮಾರ್ಕ್ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. 1870ರ ದಶಕದಲ್ಲಿ ರೈಲು, ಹಡಗು ಹತ್ತಿ ಅಮೆರಿಕದ ಅಗ್ಗದ ಧಾನ್ಯ ಯುರೋಪಿಗೆ ಬಂದು ಬಿತ್ತು. ಧಾನ್ಯ ಬೆಳೆದು ಬದುಕೋದು ಕಷ್ಟವಾಯಿತು. ಡೇನಿಷ್ ರೈತರು ಅದೇ ಧಾನ್ಯವನ್ನು ದನಕ್ಕೆ ಹಾಕಿ ಬೆಣ್ಣೆ ಮಾರಲು ಹೊರಟರು. ನಾಲ್ಕು ಹಸು ಇದ್ದವನ ಬೆಣ್ಣೆ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರೋದಿಲ್ಲ, ಅದಕ್ಕೆ ಬೆಲೆಯೂ ಇಲ್ಲ. ಅಷ್ಟರಲ್ಲಿ ಹಾಲಿನಿಂದ ಕೆನೆಯನ್ನು ಎಡೆಬಿಡದೆ ಬೇರ್ಪಡಿಸುವ ಯಂತ್ರ ಬಂದಿತ್ತು. 1882ರಲ್ಲಿ ಹ್ಯೆಡ್ಡಿಂಗ್ ಎಂಬ ಹಳ್ಳಿಯಲ್ಲಿ ರೈತರು ಒಟ್ಟಾಗಿ ಒಂದು ಡೇರಿ ಕಟ್ಟಿದರು. ಎಲ್ಲರ ಹಾಲೂ ಒಂದೇ ಯಂತ್ರಕ್ಕೆ, ಎಲ್ಲರ ಬೆಣ್ಣೆಯೂ ಒಂದೇ ಗುಣಮಟ್ಟಕ್ಕೆ. ಲಾಭದ ಪಾಲು ಹಾಲಿನ ಲೆಕ್ಕದಲ್ಲಿ. ಮತದಾನ ಮಾತ್ರ ತಲೆಗೆ ಒಂದು, ಹಸುವಿಗೆ ಒಂದಲ್ಲ. ಕೆಲವೇ ವರ್ಷಗಳಲ್ಲಿ ಇಂಥ ಡೇರಿಗಳು ನೂರಾರು ಆದವು. ಕೆನೆ ತೆಗೆದ ಹಾಲು ಹಂದಿಗಳಿಗೆ ಹೋಯಿತು. 1887ರಲ್ಲಿ ಹಾರ್ಸೆನ್ಸ್‌ನಲ್ಲಿ ರೈತರದ್ದೇ ಮಾಂಸದ ಕಾರ್ಖಾನೆ ಬಂತು.

ಇದನ್ನು ನೋಡಿ ಐರ್ಲೆಂಡಿನಲ್ಲಿ ಹೊರೇಸ್ ಪ್ಲಂಕೆಟ್ ಊರೂರು ತಿರುಗಿದರು. ಮೊದಲ ಸಂಘ ಹುಟ್ಟುವ ಮೊದಲು 50 ಸಭೆಗಳು ಹಾಳಾದವು ಅಂತ ಅವರೇ ಬರೆದಿದ್ದಾರೆ. ಐವತ್ತು! ಈಗಿನ ಯಾವ ಯೋಜನೆಗೆ ಅಷ್ಟು ತಾಳ್ಮೆ ಇದೆ?

ಇಪ್ಪತ್ತನೇ ಶತಮಾನದಲ್ಲಿ ಸರ್ಕಾರಗಳು ಮುಂದೆ ಬಂದವು. ಕೆಲವು ಕಡೆ ಅದು ಬೇಕೇ ಬೇಕಿತ್ತು. 1930ರ ದಶಕದಲ್ಲಿ ಅಮೆರಿಕದ ಹತ್ತು ಕೃಷಿ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟು ಇತ್ತು. ದೂರದೂರದ ಮನೆಗಳಿಗೆ ತಂತಿ ಎಳೆದರೆ ಲಾಭವಿಲ್ಲ ಅಂತ ಕಂಪನಿಗಳು ಕೈಚೆಲ್ಲಿದ್ದವು. 1935ರಲ್ಲಿ ಗ್ರಾಮೀಣ ವಿದ್ಯುದೀಕರಣಕ್ಕೆ ಒಂದು ಸಂಸ್ಥೆ ಬಂತು. ಸರ್ಕಾರ ಸಾಲ ಕೊಟ್ಟಿತು, ಊರವರ ಸಹಕಾರ ಸಂಘಗಳೇ ಕಂಬ ನೆಟ್ಟವು. 1950ರ ದಶಕದಲ್ಲಿ ಬಹುತೇಕ ಎಲ್ಲ ಮನೆಗೂ ಕರೆಂಟು ಮುಟ್ಟಿತ್ತು. ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಹಾಲು ತಂಪಾಗಿಡುವ ಯಂತ್ರ ಯಾವುದೂ ಕರೆಂಟಿಲ್ಲದೆ ನಡೆಯೋದಿಲ್ಲ. ಇಂಥದ್ದನ್ನು ಒಂದು ಊರು ತಾನೊಂದೇ ಮಾಡಲಾರದು.

ಅದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆಯಿತು. 1936ರಲ್ಲಿ ಮಿಸಿಸಿಪಿ ರಾಜ್ಯ ಜನರ ಹಣದಲ್ಲಿ ಕಟ್ಟಡ ಕಟ್ಟಿಕೊಟ್ಟು ಹೊರಗಿನ ಕಾರ್ಖಾನೆಗಳನ್ನು ಕರೆಯಿತು. ಬೇರೆ ರಾಜ್ಯಗಳೂ ಅದನ್ನೇ ಹಿಡಿದವು. ಕೆಲಸ ಸಿಕ್ಕಿತು ನಿಜ. ಆದರೆ ಅಗ್ಗದ ಕೂಲಿ ನೋಡಿ ಬಂದ ಬಟ್ಟೆ ಕಾರ್ಖಾನೆ, ಇನ್ನೂ ಅಗ್ಗದ ಕೂಲಿ ಕಂಡಾಗ ಎದ್ದು ಹೋಗುತ್ತದೆ. ಅಂಥ ಕಾರ್ಖಾನೆಗಳು ಆಮೇಲೆ ಕಡಲಾಚೆ ಹೋದವು. ಹೋಗುವ ತೀರ್ಮಾನದಲ್ಲಿ ಊರಿನವರ ಮಾತಿಗೆ ಜಾಗವೇ ಇರಲಿಲ್ಲ.

ಜಪಾನಿನ ಓಯಿತಾ ಪ್ರಾಂತ್ಯದ ಓಯಾಮ ಊರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸುತ್ತ ಬೆಟ್ಟ, ಗದ್ದೆಗೆ ಜಾಗವಿಲ್ಲ. ಸರ್ಕಾರ ಮಾತ್ರ ಭತ್ತ ಜಾಸ್ತಿ ಬೆಳೆಯಿರಿ ಅಂತಿತ್ತು. 1961ರಲ್ಲಿ ಊರು ಬೇರೆ ತೀರ್ಮಾನ ಮಾಡಿತು. 'ಪ್ಲಮ್ಮು, ಚೆಸ್ಟ್‌ನಟ್ ನೆಡೋಣ, ಹವಾಯಿಗೆ ಹೋಗೋಣ' ಅನ್ನೋದು ಅವರ ಘೋಷಣೆ. ಗಿಡ ನೆಟ್ಟರು. ಹಣ್ಣನ್ನು ಹಾಗೇ ಮಾರದೆ ಉಪ್ಪಿನಲ್ಲಿ ಹಾಕಿ, ಸಂಸ್ಕರಿಸಿ ಮಾರಿದರು. ಯುವಕರು ನಿಜವಾಗಿಯೂ ಹವಾಯಿಗೆ ಹೋಗಿ ಬಂದರು. 1979ರಲ್ಲಿ ಪ್ರಾಂತ್ಯದ ಗವರ್ನರ್ ಮೊರಿಹಿಕೊ ಹಿರಮಾತ್ಸು ಇದನ್ನೇ ನೋಡಿ 'ಒಂದು ಹಳ್ಳಿ, ಒಂದು ಉತ್ಪನ್ನ' ಚಳವಳಿ ಶುರು ಮಾಡಿದರು. ಆಡಳಿತ ಊರುಗಳಿಗೆ ನೇರವಾಗಿ ದುಡ್ಡು ಕೊಡಲಿಲ್ಲ. ತಂತ್ರಜ್ಞಾನ, ತರಬೇತಿ, ಮಾರಾಟಕ್ಕೆ ಬೆಂಬಲ ಕೊಟ್ಟಿತು. ಏನು ಮಾಡಬೇಕು ಅನ್ನೋದನ್ನು ಊರಿಗೇ ಬಿಟ್ಟಿತು. 1990ರಲ್ಲಿ ಓಯಾಮದ ಸಹಕಾರ ಸಂಘ ತೆರೆದ ಮಳಿಗೆಯಲ್ಲಿ ಸರಕಿನ ಬೆಲೆ ಬರೆಯೋದು ಅದನ್ನು ತಂದ ರೈತರೇ.

ಸಣ್ಣ ಸಾಲದ ಎರಡನೇ ಅಲೆ ನಮಗೆಲ್ಲ ಗೊತ್ತಿರುವುದೇ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ ಮುಹಮ್ಮದ್ ಯೂನುಸ್ 42 ಜನರಿಗೆ ಒಟ್ಟು 27 ಡಾಲರ್‌ನಷ್ಟು ಸಾಲ ಕೊಟ್ಟರು. 1983ರಲ್ಲಿ ಅದು ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಒತ್ತೆ ಇಡಲು ಏನೂ ಇಲ್ಲದ ಹೆಂಗಸರನ್ನು ನಂಬಬಹುದು ಅಂತ ಅದು ತೋರಿಸಿಕೊಟ್ಟಿತು. ಇದು ಸಣ್ಣ ಮಾತಲ್ಲ. ಆಮೇಲೆ ಲಾಭಕ್ಕಾಗಿಯೇ ಕಂಪನಿಗಳು ಬಂದವು. ಆಂಧ್ರಪ್ರದೇಶದಲ್ಲಿ ಒಂದೇ ಮನೆಗೆ ಹಲವು ಕಂಪನಿಗಳು ಸಾಲ ಕೊಟ್ಟು, ವಸೂಲಿಯ ಒತ್ತಡಕ್ಕೆ ಜೀವಗಳೇ ಹೋದ ವರದಿಗಳು ಬಂದಾಗ, 2010ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅಲ್ಲೂ ಗುಂಪಿನ ಹೊಣೆ ಇತ್ತು. ಆದರೆ ಗುಂಪಿನವರು ಆ ಸಾಲದ ಸಂಸ್ಥೆಯ ಒಡೆಯರಾಗಿರಲಿಲ್ಲ. ಹೊಣೆ ಅವರದು, ಕೀಲಿ ಇನ್ನೊಬ್ಬರದು. 2015ರಲ್ಲಿ ಆರು ದೇಶಗಳ ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ಸಣ್ಣ ಸಾಲದಿಂದ ಅಲ್ಪಸ್ವಲ್ಪ ಅನುಕೂಲವಾಗುತ್ತದೆ, ಆದರೆ ಬದುಕೇ ಬದಲಾಗುವಷ್ಟು ಅಲ್ಲ ಅನ್ನೋದು ಅವುಗಳ ತಾತ್ಪರ್ಯ.

ಈಗಿನ ಸಮಸ್ಯೆಯ ರೂಪ ಬೇರೆ. ಶ್ರೀಮಂತ ದೇಶಗಳ ಹಳ್ಳಿಗಳಲ್ಲಿ ಅಂಗಡಿ ನಡೆಸುವವರಿಗೆ ವಯಸ್ಸಾಗಿದೆ, ಮಕ್ಕಳು ಊರಲ್ಲಿಲ್ಲ. ಲಾಭದಲ್ಲಿರುವ ಅಂಗಡಿಯೂ ಮುಂದುವರಿಸುವವರಿಲ್ಲದೆ ಬಾಗಿಲು ಹಾಕುತ್ತದೆ. ಬ್ಯಾಂಕಿನ ಶಾಖೆ ಹೋಯಿತು, ಅಂಚೆ ಕಚೇರಿ ಹೋಯಿತು. ಅಂಗಡಿಯೂ ಹೋದರೆ ಕಾರಿಲ್ಲದ ಮುದುಕರ ಗತಿ? ಬ್ರಿಟನ್ನಿನ ನೂರಾರು ಹಳ್ಳಿಗಳಲ್ಲಿ ಊರವರೇ ಷೇರು ಹಾಕಿ ಅಂಥ ಅಂಗಡಿ ಉಳಿಸಿಕೊಂಡಿದ್ದಾರೆ. ಅವರಿಗೆ ದಾರಿ ತೋರಿಸುತ್ತಿರುವುದು 1919ರಲ್ಲಿ ಪ್ಲಂಕೆಟ್ ಸ್ಥಾಪಿಸಿದ ಸಂಸ್ಥೆ. ಎಷ್ಟೋ ಕಡೆ ಗಲ್ಲಾದ ಹಿಂದೆ ಸರದಿಯಲ್ಲಿ ಕೂರೋದು ಊರಿನ ಸ್ವಯಂಸೇವಕರು, ಅಂಚೆಯ ಕೌಂಟರೂ ಅಲ್ಲೇ ಒಂದು ಮೂಲೆಯಲ್ಲಿ. ಹತ್ತು ಷೇರು ಇದ್ದವರಿಗೂ ಒಂದೇ ಮತ, ಒಂದು ಷೇರು ಇದ್ದವರಿಗೂ ಒಂದೇ ಮತ.