ಎರೆ ಮಣ್ಣಿಗೆ ಹಳೇ ಟೈರಿನ ಪುಡಿ

ಅಕ್ಕಲಕೋಟೆ ಕಡೆ ಮನೆ ಕಟ್ಟುವವರು ಮೊದಲು ವಿಚಾರಿಸುವುದು, ಮುರುಮು, ಅಂದರೆ ಎರೆಯ ಕೆಳಗಿನ ಗಟ್ಟಿ ಗರಸು, ಎಷ್ಟು ಆಳಕ್ಕೆ ಸಿಗುತ್ತದೆ ಅಂತ. ಮೇಲಿರುವುದು ಕರಿ ಎರೆ. ಹಿಂಗಾರಿ ಜೋಳಕ್ಕೆ ಅದರಂಥ ಮಣ್ಣಿಲ್ಲ. ಮಳೆ ನಿಂತ ಮೇಲೂ ತೇವ ಹಿಡಿದಿಟ್ಟು ತೆನೆ ಕಟ್ಟಿಸುತ್ತದೆ. ಗೋಡೆಗೆ, ರಸ್ತೆಗೆ ಮಾತ್ರ ಅದೇ ಗುಣ ಮುಳುವು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ.

ದಖ್ಖನ್ನಿನ ಲಾವಾ ಕಲ್ಲು ಸವೆದು ಆದ ಮಣ್ಣಿದು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಇದೆ. ಅದರ ತೆಳು ಪದರಗಳ ನಡುವೆಯೇ ನೀರು ನುಗ್ಗುತ್ತದೆ. ಇದನ್ನು ಕಣ್ಣಾರೆ ನೋಡಲು ಲ್ಯಾಬಿನಲ್ಲಿ ಸರಳ ಪರೀಕ್ಷೆ ಇದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಗಾಜಿನ ಅಳತೆ ಜಾಡಿಗೆ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ತೆಪ್ಪಗೆ ತಳದಲ್ಲಿರುತ್ತದೆ. ನೀರಿನ ಜಾಡಿಯಲ್ಲಿ ಮೇಲೇರುತ್ತದೆ. ಎರೆಯಾದರೆ ಎರಡು ಪಟ್ಟಾದರೂ ಅಚ್ಚರಿಯಿಲ್ಲ.

ಈ ಉಬ್ಬು ತಗ್ಗಿಸಲು ಮಣ್ಣಿಗೆ ಹಳೇ ಟೈರಿನ ಪುಡಿ ಬೆರೆಸುವ ಪ್ರಯೋಗಗಳು ಸಾಕಷ್ಟು ನಡೆದಿವೆ. ಟೈರೇ ಯಾಕೆ? ಗಂಧಕ ಹಾಕಿ ಕಾಯಿಸಿದರೆ ರಬ್ಬರು ಗಟ್ಟಿಯಾಗುವುದನ್ನು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಟೈರೂ ಅಂಥದೇ ರಬ್ಬರು. ಹಾಗೆ ಗಟ್ಟಿಯಾದದ್ದನ್ನು ಪ್ಲಾಸ್ಟಿಕ್ಕಿನಂತೆ ಕರಗಿಸಿ ಮತ್ತೆ ಎರಕ ಹೊಯ್ಯಲು ಬರುವುದಿಲ್ಲ. ಹಳತಾದ ಟೈರನ್ನು ಸುಮ್ನೆ ಸುಡುವುದಕ್ಕಿಂತ ಪುಡಿ ಮಾಡುವುದು ವಾಸಿ, ಅಲ್ವಾ?

ರಬ್ಬರು ನೀರು ಕುಡಿಯುವುದಿಲ್ಲ. ಅದು ಕೂತಷ್ಟು ಜಾಗದಲ್ಲಿ ಉಬ್ಬುವ ಮಣ್ಣು ಕಮ್ಮಿ. ಸುತ್ತಲ ಎರೆ ಉಬ್ಬಿದಾಗ ರಬ್ಬರಿನ ಕಾಳು ತಾನು ಅಮುಕಿಕೊಂಡು ಜಾಗ ಬಿಡುತ್ತದೆ. ಹೀಗೆ ಒತ್ತಡ ಇಳಿಯುತ್ತದೆ. ಎಳೆಯಾಗಿ ಕತ್ತರಿಸಿ ಹಾಕಿದರೆ, ಮಣ್ಣಿನ ಗೋಡೆಗೆ ಹುಲ್ಲು ತುಳಿದು ಬೆರೆಸಿದಂತೆ, ಬಿರುಕಿನ ಎರಡೂ ಬದಿಯನ್ನು ಹಿಡಿದುಕೊಳ್ಳುತ್ತದೆ. ತೂಕವೂ ಮಣ್ಣಿನ ಕಣದ ಅರ್ಧಕ್ಕಿಂತ ಕಡಿಮೆ.

ಆದರೆ ರಬ್ಬರು ಅಂಟಲ್ಲ. ಜಾಸ್ತಿ ಸುರಿದರೆ ನೆಲ ಮೆತ್ತಗಾಗಿ ಭಾರ ತಾಳುವುದಿಲ್ಲ. ಅದಕ್ಕೇ ಸುಣ್ಣದ ಜೊತೆ ಹಾಕುವುದು. ಸುಣ್ಣ ಮಣ್ಣನ್ನು ಬಿಗಿಯುತ್ತದೆ, ಆದರೆ ಪಟ್ಟನೆ ಸೀಳುವ ಗುಣವನ್ನೂ ಕೊಡುತ್ತದೆ. ಆ ಬಿರುಸನ್ನು ರಬ್ಬರು ತಗ್ಗಿಸುತ್ತದೆ. ಸುಣ್ಣವಿಲ್ಲದೆ ಬರೀ ಟೈರಿನ ಪುಡಿ ಅಂದರೆ ನನಗೇನೂ ಅಷ್ಟು ಭರವಸೆಯಿಲ್ಲ. ಟೈರಿನಲ್ಲಿ ಸತುವೂ ಇರುತ್ತದೆ, ಅದು ನೀರಿಗೆ ಇಳಿಯಬಹುದು. ಹಾಗಾಗಿ ಬಾವಿಯ ಹತ್ತಿರ ಇದು ಬೇಡ.

ಇನ್ನು ಕಲಸುವ ಪಾಡು. ಎರೆ ಒಣಗಿದರೆ ಒಡೆಯದ ಹೆಂಟೆ, ನೆನೆದರೆ ಸಲಿಕೆಗೆ ಮೆತ್ತಿಕೊಳ್ಳುವ ಕೆಸರು. ಲ್ಯಾಬಿನ ಬಟ್ಟಲಲ್ಲಿ ಕಲಸಿದಷ್ಟು ಸಲೀಸಲ್ಲ. ಮೊದಲು ಸುಣ್ಣ ಹಾಕಿ, ಮಣ್ಣು ಉದುರುದುರಾದ ಮೇಲೆ ರಬ್ಬರು ಬೆರೆಸಿ ರೋಟಾವೇಟರ್ ಹೊಡೆಸುವುದೇ ಲೇಸು.