ಜ್ವಾಲೆಯೂ ಬೇಕು, ನೆರಳೂ ಬೇಕು

ಕತ್ತಲ ಕೋಣೆಯಲ್ಲಿ ಯಾರೋ ಬೆಂಕಿಕಡ್ಡಿ ಗೀರುತ್ತಾರೆ. ಜ್ವಾಲೆಯ ಬುಡದ ನೀಲಿ, ನಡುವಿನ ಕಿತ್ತಳೆ, ಗೀರಿದವರ ಮುಖದ ಒಂದು ಬದಿ, ಹಿಂದಿನ ಗೋಡೆಯ ಮೇಲೆ ಹೊಯ್ದಾಡುವ ನೆರಳು ಎಲ್ಲವೂ ನಮ್ಮ ಕಣ್ಣಿಗೆ ಕಾಣುತ್ತವೆ. ಅದೇ ಕ್ಷಣವನ್ನು ಸಾಧಾರಣ ವಿಡಿಯೊ ಕ್ಯಾಮೆರಾದಲ್ಲಿ ಸೆರೆಹಿಡಿದು ನೋಡಿ. ಮುಖ ಕಾಣುವಂತೆ ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಒಳಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ, ಹೊಂದಿಸಿದರೆ ಜ್ವಾಲೆ ಬರೀ ಬಿಳಿಯ ಕಲೆ. ಜ್ವಾಲೆಯನ್ನು ಉಳಿಸಲು ಹೋದರೆ ಮುಖ ಕತ್ತಲಲ್ಲಿ ಮುಳುಗುತ್ತದೆ. ಎರಡನ್ನೂ ಒಂದೇ ಫ್ರೇಮಿನಲ್ಲಿ ಹಿಡಿಯುವ ಪ್ರಯತ್ನಕ್ಕೆ ಹೈ ಡೈನಮಿಕ್ ರೇಂಜ್, ಚಿಕ್ಕದಾಗಿ ಎಚ್‌ಡಿಆರ್ ಎಂದು ಹೆಸರು.

ಆ ಬಿಳಿಯ ಕಲೆಯ ಅಂಚನ್ನು ಗಮನಿಸಿದ್ದೀರಾ? ಅಲ್ಲಿ ಕಿತ್ತಳೆ ಬಣ್ಣ ಇರುವುದಿಲ್ಲ, ಹಳದಿ ಇರುತ್ತದೆ. ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಸೆನ್ಸರಿನ ಒಂದೊಂದು ಪಿಕ್ಸೆಲ್ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಪುಟ್ಟ ಶೋಧಕವೊಂದು ಕೂತಿರುತ್ತದೆ. ಜ್ವಾಲೆಯಲ್ಲಿ ಕೆಂಪು ಬೆಳಕೇ ಹೆಚ್ಚು, ಹಾಗಾಗಿ ಕೆಂಪಿನ ಪಿಕ್ಸೆಲ್‌ಗಳು ಮೊದಲು ತುಂಬಿಬಿಡುತ್ತವೆ. ಅವುಗಳ ಎಣಿಕೆ ಅಲ್ಲಿಗೆ ನಿಂತರೂ ಹಸಿರಿನದು ಏರುತ್ತಲೇ ಹೋಗಿ ಕೆಂಪನ್ನು ಮುಟ್ಟುತ್ತದೆ. ಕೆಂಪು ಹಸಿರು ಸಮವಾದರೆ ಹಳದಿ. ನೀಲಿಯೂ ತುಂಬಿದರೆ ಬಿಳಿ. ಬೆಳಕಿನ ವಿವರ ಅಳಿಸಿಹೋಗುವ ಮೊದಲೇ ಬಣ್ಣ ಸುಳ್ಳು ಹೇಳಲು ಶುರುಮಾಡಿರುತ್ತದೆ. ನನಗೆ ಎಚ್‌ಡಿಆರ್ ಮುಖ್ಯವೆನಿಸುವುದು ಕಣ್ಣು ಕೋರೈಸುವ ಹೊಳಪಿಗಾಗಿ ಅಲ್ಲ, ಈ ಬಣ್ಣದ ಸತ್ಯಕ್ಕಾಗಿ.

ಸೆನ್ಸರಿನ ಕೆಲಸವನ್ನು ತಕ್ಕಡಿಯ ಕೆಲಸವೆಂದು ಭಾವಿಸಬಹುದು. ಬಿದ್ದ ಬೆಳಕು ಪಿಕ್ಸೆಲ್ಲಿನೊಳಗೆ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ. ಕ್ಯಾಮೆರಾ ಅವನ್ನು ತೂಗುತ್ತದೆ. ತಕ್ಕಡಿ ತಾಳಿಕೊಳ್ಳುವ ಗರಿಷ್ಠ ತೂಕ ಒಂದು ಮಿತಿ. ಏನೂ ಇಡದಿದ್ದಾಗಲೂ ಮುಳ್ಳು ಅಲುಗಾಡುವುದು ಇನ್ನೊಂದು ಮಿತಿ. ಒಂದು ಪಿಕ್ಸೆಲ್ 30,000 ಎಲೆಕ್ಟ್ರಾನ್‌ಗಳನ್ನು ಹಿಡಿದಿಡಬಲ್ಲದು, ಓದುವಾಗಿನ ಅಲುಗಾಟ 3 ಎಲೆಕ್ಟ್ರಾನ್‌ಗಳಷ್ಟು ಎಂದುಕೊಳ್ಳಿ. ಇವೆರಡರ ಅನುಪಾತ 10,000. ಬೆಳಕು ಎರಡು ಪಟ್ಟಾಗುವುದನ್ನು ಛಾಯಾಗ್ರಾಹಕರು ಒಂದು ಸ್ಟಾಪ್ ಎನ್ನುತ್ತಾರೆ. ಆ ಲೆಕ್ಕದಲ್ಲಿ ಇದು 13 ಸ್ಟಾಪ್‌ಗಿಂತ ತುಸು ಹೆಚ್ಚು. ಸಾಸಿವೆಯನ್ನೂ ಬೆಟ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದ ಕಷ್ಟ ಇದು.

2010ರಲ್ಲಿ ಬಂದ, ಆರಿ ಕಂಪನಿಯ ಅಲೆಕ್ಸಾ ಎಂಬ ಸಿನಿಮಾ ಕ್ಯಾಮೆರಾ ಇದಕ್ಕೆ ಸೊಗಸಾದ ಪರಿಹಾರ ಕಂಡುಕೊಂಡಿತು. ಅದರ ಪಿಕ್ಸೆಲ್‌ಗಳು ದೊಡ್ಡವು, 8.25 ಮೈಕ್ರೋಮೀಟರ್ ಅಗಲ. ಪ್ರತಿ ಪಿಕ್ಸೆಲ್ಲಿನ ಅದೇ ಎಲೆಕ್ಟ್ರಾನ್‌ಗಳನ್ನು ಅದು ಏಕಕಾಲಕ್ಕೆ ಎರಡು ದಾರಿಗಳಲ್ಲಿ ಓದುತ್ತದೆ. ಒಂದು ದಾರಿಯಲ್ಲಿ ಸಂಕೇತವನ್ನು ಹೆಚ್ಚು ವರ್ಧಿಸಿ ನೆರಳಿನ ಸೂಕ್ಷ್ಮವನ್ನು ಹಿಡಿಯುತ್ತದೆ, ಇನ್ನೊಂದರಲ್ಲಿ ಕಡಿಮೆ ವರ್ಧಿಸಿ ಹೊಳಪನ್ನು ಕಾಪಾಡುತ್ತದೆ. ಆಮೇಲೆ ಎರಡನ್ನೂ ಬೆಸೆಯುತ್ತದೆ. ಒಂದೇ ವಸ್ತುವನ್ನು ಅಕ್ಕಸಾಲಿಗನ ತಕ್ಕಡಿಯಲ್ಲೂ ಮಂಡಿಯ ತಕ್ಕಡಿಯಲ್ಲೂ ತೂಗಿದಂತೆ. ಎರಡೂ ಓದು ಒಂದೇ ಕ್ಷಣದವಾದ್ದರಿಂದ ಚಲಿಸುವ ಕೈ ಎರಡಾಗಿ ಕಾಣುವುದಿಲ್ಲ. ಅದೇ ಕಂಪನಿ 2022ರಲ್ಲಿ ತಂದ ಅಲೆಕ್ಸಾ 35ಕ್ಕೆ 17 ಸ್ಟಾಪ್ ಎಂದು ಹೇಳಿಕೊಂಡಿದೆ. ಆದರೆ ಕಂಪನಿಗಳು ಕೊಡುವ ಇಂಥ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಾಗ ಎಚ್ಚರ ಬೇಕು. ನೆರಳಿನಲ್ಲಿ ಎಷ್ಟು ನಾಯ್ಸ್, ಅಂದರೆ ಮರಳು ಎರಚಿದಂಥ ಚುಕ್ಕೆ, ಬರುವವರೆಗೆ ಅದನ್ನು ಚಿತ್ರ ಎಂದು ಕರೆಯಬಹುದು ಎಂಬುದು ಅಳೆಯುವವರ ತೀರ್ಮಾನ.

ಚಲನೆಯೇ ಇಲ್ಲಿನ ದೊಡ್ಡ ತೊಡಕು. ನಿಶ್ಚಲ ಚಿತ್ರದಲ್ಲಿ ಬೇರೆ ಬೇರೆ ಎಕ್ಸ್‌ಪೋಶರ್‌ಗಳನ್ನು ಸೇರಿಸುವುದು ಹಳೆಯ ವಿದ್ಯೆ. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1850ರ ದಶಕದಲ್ಲೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸಿದ್ದರು. ಸೆಕೆಂಡಿಗೆ 24 ಫ್ರೇಮ್ ಓಡುವ ಸಿನಿಮಾದಲ್ಲಿ ಒಂದು ಫ್ರೇಮಿಗೆ ಸಿಗುವುದು ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗ. ಅದರ ಪಕ್ಕದಲ್ಲೇ ಇನ್ನೊಂದು ಅತಿ ಚಿಕ್ಕ ಎಕ್ಸ್‌ಪೋಶರ್ ತೆಗೆದರೆ ಮೊದಲನೆಯದರಲ್ಲಿ ಬೀಸುವ ಕೈ ಮಸುಕಾಗಿರುತ್ತದೆ, ಎರಡನೆಯದರಲ್ಲಿ ಸ್ಪಷ್ಟವಾಗಿರುತ್ತದೆ. ಬೆಸುಗೆ ಎದ್ದು ಕಾಣುತ್ತದೆ. ಅರೆಪಾರದರ್ಶಕ ಕನ್ನಡಿಯಿಂದ ಬೆಳಕನ್ನು ಒಡೆದು ಎರಡು ಕ್ಯಾಮೆರಾಗಳಿಗೆ ಹಂಚಿದರೆ ಈ ಕಷ್ಟ ತಪ್ಪುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಸಂಶೋಧಕರು ಎರಡು ಅಲೆಕ್ಸಾಗಳನ್ನು ಹೀಗೆ ಜೋಡಿಸಿ, 18 ಸ್ಟಾಪ್‌ವರೆಗಿನ ವಿಡಿಯೊ ಚಿತ್ರೀಕರಿಸಿ 2014ರಲ್ಲಿ ಪ್ರಕಟಿಸಿದರು. ಆದರೆ ಆ ಭಾರದ ಜೋಡಣೆಯನ್ನು ಹೆಗಲ ಮೇಲೆ ಹೊತ್ತು ನಟನ ಹಿಂದೆ ಓಡುವಂತಿಲ್ಲ.

ಹಿಡಿದ ಬೆಳಕನ್ನು ಬರೆದಿಡುವುದರಲ್ಲೂ ಜಾಣತನ ಬೇಕು. ಹೊಳಪನ್ನು ಅಂಕಿಯಾಗಿ ಬರೆಯಲು 12 ಬಿಟ್‌ನಲ್ಲಿ 4096 ಮೆಟ್ಟಿಲುಗಳಿವೆ. ಬೆಳಕನ್ನು ಇದ್ದ ಹಾಗೇ ಬರೆದರೆ ಅತಿ ಹೊಳಪಿನ ಒಂದೇ ಸ್ಟಾಪ್ 2048 ಮೆಟ್ಟಿಲುಗಳನ್ನು ನುಂಗುತ್ತದೆ, ಮೇಲಿನಿಂದ ಹತ್ತನೆಯ ಸ್ಟಾಪ್‌ಗೆ ಉಳಿಯುವುದು ಬರೀ ನಾಲ್ಕು. ನೆರಳಿಗೆ ಇದು ಅನ್ಯಾಯ. ಕಣ್ಣು ಗಮನಿಸುವುದು ಬೆಳಕಿನ ಅನುಪಾತವನ್ನು, ಒಟ್ಟು ಮೊತ್ತವನ್ನಲ್ಲ. ಅದಕ್ಕೇ ಸಿನಿಮಾ ಕ್ಯಾಮೆರಾಗಳು ಲಾಗ್ ವಿಧಾನದಲ್ಲಿ, ಪ್ರತಿ ಸ್ಟಾಪ್‌ಗೂ ಹೆಚ್ಚುಕಡಿಮೆ ಸಮಪಾಲು ಕೊಟ್ಟು ಬರೆಯುತ್ತವೆ. ಲಾಗ್ ಚಿತ್ರ ಮಾನಿಟರಿನಲ್ಲಿ ಬೂದಿ ಬಳಿದಂತೆ ಸಪ್ಪೆಯಾಗಿ ಕಾಣುತ್ತದೆ. ಹೊಸಬರು ಗಾಬರಿಯಾಗಬೇಕಿಲ್ಲ, ಬಣ್ಣವೆಲ್ಲ ಅದರೊಳಗೇ ಇದೆ. ಇನ್ನು ಅದನ್ನು ತೋರಿಸುವ ಪರದೆ. ಪರದೆಯ ಹೊಳಪನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಹಳೆಯ ಟಿವಿ ಮಾನದಂಡದ ಬಿಳಿ 100 ನಿಟ್ಸ್ ಆಸುಪಾಸಿನದು. ಎಚ್‌ಡಿಆರ್ ಪರದೆಗಳಿಗಾಗಿ ಬಂದ 2014ರ ಪಿಕ್ಯೂ ಮಾನದಂಡ 10,000 ನಿಟ್ಸ್‌ವರೆಗೆ ದಾರಿ ತೆರೆದಿದೆ.

ಇಷ್ಟೆಲ್ಲ ಮಾಡಿದ ಮೇಲೂ ಲೆನ್ಸ್ ಇದೆ. ಜ್ವಾಲೆಯ ಬೆಳಕು ಗಾಜಿನ ಮೇಲ್ಮೈಗಳ ನಡುವೆ ಪುಟಿದು ಚದುರಿ, ಕತ್ತಲ ಗೋಡೆಯ ಮೇಲೂ ತೆಳು ಮಂಜಿನಂತೆ ಹರಡುತ್ತದೆ. ಆ ಮಂಜಿನ ಕೆಳಗಿರುವ ನೆರಳನ್ನು ಯಾವ ಸೆನ್ಸರೂ ಮರಳಿ ತರಲಾರದು. ಲೆನ್ಸಿನ ಮುಂದೆ ಚಪ್ಪಟೆ ಫಿಲ್ಟರ್ ಇದ್ದರಂತೂ ಜ್ವಾಲೆಯ ಪ್ರತಿಬಿಂಬವೇ ಇನ್ನೊಂದು ಜ್ವಾಲೆಯಾಗಿ ತೇಲುತ್ತದೆ. ಆಗ ಸಹಾಯಕ ಬಂದು ಫಿಲ್ಟರನ್ನು ತೆಗೆಯುತ್ತಾನೆ. ತೆಗೆಯಲಾಗದಿದ್ದರೆ ಆ ಹುಸಿ ಜ್ವಾಲೆ ಫ್ರೇಮಿನಿಂದ ಆಚೆ ಬೀಳುವಷ್ಟು ಅದನ್ನು ತುಸು ಓರೆಯಾಗಿಸುತ್ತಾನೆ.